ಅಲೋ ಒತ್ತಿದವರು ಯಾರು

ಸೂಜಿಮಲ್ಲಿಗಿಯ ಹನ್ನೊಂದನೇ ಎಸಳಿಗೆ
ಚುಕ್ಕಿ ಇಡಾಕ ಹತ್ತಿದ್ದೆ, ಮಟಮಟ ಮಧ್ಯಾಹ್ನ,
ಗುಳೇದಗುಡ್ಡದ ನಮ್ಮ ನಡುಮನಿಯ ಹಳೇ ಕಂಪ್ಯೂಟರಿನಾಗ.
ಮರುದಿನ ಕಾರ್ಡು ಹೊಡಿಬೇಕು,
ಖಣದ ಮಗ್ಗ ಕಾಯ್ಕೋತ ಕುಂತಾವು.
ಬಲಗಡೆ, ಕೆಳಗ, ಟಣ್ ಅಂತು.

ಅಭಿನಂದನೆಗಳು, ನೀವು ಕಾರನ್ನು ಗೆದ್ದಿದ್ದೀರಿ.
ಮುಚ್ಚಿದೆ.
ಎಚ್ಚರಿಕೆ, ನಿಮ್ಮ ಯಂತ್ರದಲ್ಲಿ ಐದು ವೈರಸ್‌ಗಳಿವೆ.
ಮುಚ್ಚಿದೆ.
ಕಾಜಲ್ ಬಾಗಲಕೋಟೆಯಲ್ಲೇ ನಿಮಗಾಗಿ ಕಾಯುತ್ತಿದ್ದಾಳೆ.
ಮುಚ್ಚಾಕ ಹೋದ್ರ ಆ ಗುಣಾಕಾರದ ಗುರ್ತ ಓಡತೈತಿ,
ಅದರ ಹಿಂದ ನನ್ನ ಬಾಣ,
ಹುಂಜ ಹಿಡಿಯಾಕ ಓಣಿತುಂಬ ಓಡಾಡಿದಂಗ.

ಕಂಡಿಕಿ ಸುತ್ತೂದು ಬಿಟ್ಟು ನಮ್ಮತ್ತಿ ಶಿವಗಂಗವ್ವ
ಕನ್ನಡಕ ಏರಿಸಿ ಅಕ್ಷರ ಕೂಡಿಸಿ ಓದಿದಳು.
‘ಯಾರ ಮಗಳs ಇಕಿ? ಯಾಕ ಕಾಯಾಕತ್ಯಾಳ?
ನವನಗರದಾಕಿ ಇರಬೇಕು,
ಸೆಕ್ಟರಿನ್ಯಾಗ ಇರಾವ್ರಿಗೆ ಹಿಂದಿಲ್ಲ ಮುಂದಿಲ್ಲ.’

ಯಾರು ಏನು ಒತ್ತಿದ್ರಿ, ಅಂತ ಗಂಡ ಕೇಳಿದ.
ಮಾವ ಗೋಡಿ ನೋಡಿದ್ರು. ಮೈದುನ ಮೊಬೈಲು ನೋಡಿದ.
ನಾನು ಹನ್ನೊಂದನೇ ಎಸಳು ನೋಡಿದೆ.

ರಾಜೇಸಾಬ ನದಾಫ ಬಂದ,
ಕೊಳ್ಳಾಗ ಕರಿದಾರ, ದಾರಕ್ಕ ಪೆನ್‌ಡ್ರೈವು, ತಾಯತದಂಗ.
ಮೊದಲ ನೆಟ್ಟಿನ ವಾಯರ್ ಕಿತ್ತ.
‘ಬಾಯಿ ಕಟ್ಟಿದ್ರ ಅರ್ಧ ರೋಗ ಹೋದಂಗರಿ.’
ಸೇಫ್ ಮೋಡಿನಾಗ ಎಬ್ಬಿಸಿದ.
ಪರದಿ ಕರ‍್ರಗಾತು, ಅಕ್ಷರ ದಪ್ಪಾದವು,
ಸುಣ್ಣ ಹಚ್ಚಾಕ ಸಾಮಾನೆಲ್ಲಾ ಹೊರಗಿಟ್ಟ ಮನಿಯಂಗ
ಕಂಪ್ಯೂಟರು ಬಣಬಣ.

ಹೆಸರು ಒಂದಕ್ಕಿಂತ ಒಂದು ಚಂದ:
ಪಿಸಿ ಡಾಕ್ಟರ್, ಕೂಪನ್ ಗೆಳೆಯ, ಹುಡುಕು ಸಹಾಯಕ.
‘ಕಳ್ಳ ಅಂತ ಹೆಸರಿಟ್ಕೊಂಡು ಯಾವ ಕಳ್ಳ ಬರ‍್ತಾನ್ರಿ ಅಕ್ಕಾರ?’
ಕಿತ್ತ. ಮತ್ತ ಚಾಲೂ ಮಾಡಿದ.
ಗೆಳೆಯ ಮತ್ತ ಬಂದು ಕುಂತಿದ್ದ.
ರಾಜೇಸಾಬ ಚಾ ಆರಾಕ ಬಿಟ್ಟು ಒಳಗೊಳಗ ಇಳಿದ,
ತಾಸಿಗೊಮ್ಮೆ ಎದ್ದು ಹುಟ್ಟು ಅಂತ ಯಾವುದೋ ಪಟ್ಟ್ಯಾಗ ಬರದಿತ್ತು.
‘ಕರಿಕಿ ಇದ್ದಂಗರಿ. ಮ್ಯಾಲ ಕೊಯ್ದ್ರ ಕೆಳಗ ನಗತೈತಿ.’
ಬೇರು ಸಹಿತ ಅಳಿಸಿದ.

ಕಡೀಗೆ ಬ್ರೌಸರ್ ತಗದ,
ಅಲೋ ಅಂತ ಅನುಮತಿ ಕೊಟ್ಟವರ ಯಾದಿ.
ಪರದಿನ ತುಸು ನನ್ನ ಕಡೆ ತಿರುಗಿಸಿದ, ತುಸುನ.
ಮೊಳಕಾಲ ನೋವಿಗೆ ಮೂರೇ ದಿನದ ಎಣ್ಣಿ. ಅದು ಮಾವಂದು.
ಸಪ್ಲಿಮೆಂಟರಿ ರಿಸಲ್ಟ್, ಮೂರು ಸಲ. ಪಾಸಾದೆ ಅಂದಿದ್ದ ಮೈದುನ.
ಮೂರನೇದು:
ಹೆಣ್ಣಮಕ್ಕಳಿಗೆ ಮಗ್ಗದ ಸಾಲ, ಗಂಡನ ಸಹಿ ಬೇಡ.
ಗುರುವಾರ, ರಾತ್ರಿ ಹನ್ನೊಂದೂ ನಲವತ್ತು.

ಅವತ್ತು ಆ ಪುಟ ತೆರೀಲಿಲ್ಲ.
ನಡುವ ಒಂದು ಡಬ್ಬಿ ಬಂದು ಕೇಳಿತ್ತು:
ನೀವು ರೋಬೋಟ್ ಅಲ್ಲವೆಂದು ಸಾಬೀತುಪಡಿಸಲು ಅಲೋ ಒತ್ತಿ.
ಹದಿನಾಲ್ಕು ವರ್ಷ ಈ ಮನ್ಯಾಗ ಚುಕ್ಕಿ ಇಟ್ಟೀನಿ,
ನೀ ಯಂತ್ರ ಏನು ಅಂತ ಯಾರೂ ಕೇಳಿರಲಿಲ್ಲ ನೋಡ್ರಿ.
ಅಲ್ಲ ಅಂತ ಒತ್ತಿದೆ.
ಜೋರಾಗೇ ಒತ್ತಿದೆ, ಮೌಸು ಟಕ್ ಅಂತು,
ಗಂಡ ಮಗ್ಗಲಾದ.

ರಾಜೇಸಾಬ ಮೂರೂ ಅಳಿಸಿದ. ಏನೂ ಅನಲಿಲ್ಲ.
ಹೊರಗ ಬಂದು ಎಲ್ಲಾರಿಗೂ ಕೇಳೂ ಹಂಗ,
‘ಬಿಟ್ಟಿ ಫಾಂಟಿನ ಜೋಡಿ ಬಂದಿತ್ತರಿ. ಯಾರೂ ಒತ್ತಿಲ್ಲ’ ಅಂದ.
ಇನ್ನೂರು ರೂಪಾಯಿ ತಗೊಂಡ. ಆರಿದ ಚಾ ಹಂಗ ಕುಡದ.
ಮಾವ ಅವನಿಗೆ ಎರಡನೇ ಸಲ ಚಾ ಮಾಡಸಿದ್ರು,
ಯಾಕ ಅಂತ ನಮ್ಮತ್ತಿಗೆ ತಿಳೀಲಿಲ್ಲ.

ಸ್ಕ್ಯಾನು ಸಂಜೀತನಕ ಓಡಿತು.
ಸೊನ್ನಿ ಅಂತ ಬಂತು.
ನಾನು ಹನ್ನೊಂದನೇ ಎಸಳಿಗೆ ವಾಪಸ್ ಕುಂತೆ.
ಬಲಗಡೆ ಕೆಳಗ ಬರೇ ಗಡಿಯಾರ.
ದೀಪ ಹಚ್ಚೂ ಹೊತ್ತಿಗೆ ನಮ್ಮತ್ತಿ
ಕಂಡಿಕಿ ನಿಲ್ಲಿಸಿ ಕೇಳಿದಳು,
‘ಆ ಹುಡುಗಿ ಏನಾದಳs, ಕಾಯಾಕತ್ತಿದ್ದಾಕಿ?’

‘ಸಾಕಾಗಿ ಎದ್ದು ಹ್ವಾದ್ಲು, ಅತ್ತಿ.’

‘ಚಲೋ ಆತು’ ಅಂದಳು,
ಮತ್ತ ಸುತ್ತಾಕ ಹತ್ತಿದಳು.